ಅಡಿಕೆ ಕೊಯ್ಲಿನ ಕಾಲಕ್ಕೆ ಬಂದ ಸೋದರಳಿಯ

ಮುದ್ದು ಹೆಚ್ಚಾಗಿ ಹಾದಿ ತಪ್ಪಿದ ಪೇಟೆಯ ಹುಡುಗನನ್ನು ಹಳ್ಳಿಗೆ ಕಳುಹಿಸಿದರೆ ಅವನು ತಾನಾಗಿಯೇ ಸರಿಹೋಗುತ್ತಾನೆ ಎಂಬ ಮಾತನ್ನು ನಾನು ನಂಬುವವನಲ್ಲ. ಹಾಗಿದ್ದೂ ಬೆಂಗಳೂರಿನಿಂದ ನನ್ನ ತಂಗಿ ಫೋನ್ ಮಾಡಿ, ‘ಅಣ್ಣಾ, ಇವನನ್ನ ಸ್ವಲ್ಪ ಕಾಲ ನಿನ್ನ ಹತ್ತಿರ ಇಟ್ಕೊಳ್ತೀಯಾ?’ ಎಂದು ಕೇಳಿದಾಗ ನಾನು ಆಗದು ಎನ್ನಲಿಲ್ಲ. ದೀಪಾವಳಿ ಕಳೆದಿತ್ತು. ಸಾಗರ ತಾಲ್ಲೂಕಿನ ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಮೊದಲ ಕೊಯ್ಲಿಗೆ ಹಗ್ಗ, ಮಣೆ, ಕತ್ತಿಗಳನ್ನು ಸಜ್ಜು ಮಾಡಿಕೊಳ್ಳುವ ಕಾಲ ಅದು. ಹುಡುಗನಿಗೆ ಹದಿನೆಂಟು ತುಂಬಿತ್ತು. ದ್ವಿತೀಯ ಪಿಯುಸಿಯಲ್ಲಿ ಹೇಗೋ ಪಾಸಾಗಿ, ಯಾವ ಕಾಲೇಜೂ ತನಗೆ ತಕ್ಕುದಲ್ಲವೆಂದು ಆ ವರ್ಷ ಎಲ್ಲಿಯೂ ಸೇರದೆ ಮನೆಯಲ್ಲೇ ಉಳಿದಿದ್ದ.

ಅವನು ಕೆಟ್ಟವನೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಕೇಳುವ ಮೊದಲೇ ಎಲ್ಲವೂ ಕೈಗೆ ಬರುತ್ತಿದ್ದ ಮನೆಯಲ್ಲಿ ಬೆಳೆದವನು ಅವನು. ತಂದೆ ಬೆಳಗ್ಗೆ ಹೋದರೆ ರಾತ್ರಿ ಬರುವವರು. ಮಗನೊಂದಿಗೆ ಕಳೆಯಲಾಗದ ಹೊತ್ತಿನ ಬದಲಿಗೆ ಅವನು ಬಯಸಿದ್ದನ್ನೆಲ್ಲ ಕೊಡಿಸುತ್ತಿದ್ದರು. ಪರವಾನಗಿಯ ವಯಸ್ಸಿಗೆ ಮೊದಲೇ ಸ್ಕೂಟರ್ ಬಂದಿತ್ತು, ಒಡೆದ ಫೋನಿಗೆ ಬದಲಾಗಿ ಅದಕ್ಕಿಂತ ದುಬಾರಿಯದು ಬರುತ್ತಿತ್ತು, ಕೋಚಿಂಗ್ ತರಗತಿಗೆ ಕಟ್ಟಿದ ಹಣ ಹೋದರೂ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಉಂಡ ತಟ್ಟೆ ಮೇಜಿನ ಮೇಲೆಯೇ ಉಳಿಯುತ್ತಿತ್ತು, ಮನೆಗೆಲಸದವರೊಡನೆಯೂ ವಾಚ್‌ಮನ್‌ನೊಡನೆಯೂ ಅವನ ಮಾತು ಏರುದನಿಯಲ್ಲೇ ಇರುತ್ತಿತ್ತು, ತಾಯಿ ಎದುರಾಡಿದರೆ ಬಾಗಿಲು ಧಡಾರನೆ ಮುಚ್ಚಿಕೊಳ್ಳುತ್ತಿತ್ತು. ಆ ಮನೆಯಲ್ಲಿ ಅವನು ಮಾಡದೆ ಬಿಟ್ಟರೆ ನಿಂತುಹೋಗುವಂಥ ಒಂದೇ ಒಂದು ಕೆಲಸವೂ ಇರಲಿಲ್ಲ. ಇದನ್ನು ನಾನು ತಂಗಿಗೆ ಹಿಂದೆಯೇ ಹೇಳಿದ್ದೆ; ಅವಳಿಗೂ ಅದು ಗೊತ್ತಿತ್ತು.

ಅವನು ಬರುವ ಮೊದಲು ನಾನು, ನನ್ನ ಹೆಂಡತಿ ಮತ್ತು ಅಮ್ಮ ಕೂತು ಕೆಲವು ಸಂಗತಿಗಳನ್ನು ನಿಶ್ಚಯಿಸಿಕೊಂಡೆವು. ಅವನಿಗೆ ಯಾರೂ ಉಪದೇಶ ಮಾಡಬಾರದು, ಬಂದುಹೋಗುವವರ ಮುಂದೆ ‘ಬೆಂಗಳೂರಲ್ಲಿ ಹೀಗಿದ್ದ’ ಎಂದು ಕಥೆ ಹೇಳಬಾರದು, ಅವನಿಗೆಂದು ಬೇರೆ ಅಡುಗೆ ಆಗಬಾರದು, ಫೋನನ್ನು ಕಸಿದುಕೊಳ್ಳಬಾರದು. ಕೊನೆಯ ಮಾತಿಗೆ ಅಮ್ಮ ಒಪ್ಪಲಿಲ್ಲ. ಆದರೆ ನಮ್ಮ ಮನೆಗೂ ಫೈಬರ್ ಇಂಟರ್ನೆಟ್ ಬಂದಿದೆ, ನಾವೂ ಅಡಿಕೆಯ ದರವನ್ನು ಫೋನಿನಲ್ಲೇ ನೋಡುತ್ತೇವೆ. ಹದಿನೆಂಟರ ಹುಡುಗನ ಕೈಯಿಂದ ಅದನ್ನು ಕಿತ್ತುಕೊಂಡರೆ ಮೊದಲ ದಿನದಿಂದಲೇ ನಾವು ಅವನಿಗೆ ಜೈಲರುಗಳಾಗುತ್ತೇವೆ ಎಂದು ನಾನು ವಾದಿಸಿದೆ. ಕೊಯ್ಲು ಮುಗಿಯುವ ತನಕ ಮನೆಯ ಉಳಿದವರಂತೆ ಅವನಿಗೂ ಕೆಲಸ ಇರುತ್ತದೆ ಎಂಬ ಒಂದೇ ಷರತ್ತನ್ನು ನಾನೇ ಅವನಿಗೆ ತಿಳಿಸಿದೆ. ಬೇಸರದಿಂದಲೇ ತಲೆಯಾಡಿಸಿದ.

ಬಂದ ಮರುದಿನ ಬೆಳಗ್ಗೆ ನನ್ನ ಹೆಂಡತಿಯ ಮೊಬೈಲ್ ಹೊಡೆದುಕೊಂಡಿತು. ನೋಡಿದರೆ ಮಹಡಿಯ ಕೋಣೆಯಿಂದ ಅವನದೇ ಕರೆ: ‘ಅತ್ತೆ, ಕಾಫಿ ಮೇಲೆ ಕಳಿಸ್ತೀರಾ?’ ಅವಳು ಆಗ ತಾನೆ ಹಾಲು ಕರೆದು ಕೊಟ್ಟಿಗೆಯಿಂದ ಬಂದು ದೋಸೆಗೆ ಕಾವಲಿ ಇಟ್ಟಿದ್ದಳು. ಸಿಟ್ಟಿನ ಎಳೆಯೂ ಇಲ್ಲದ ದನಿಯಲ್ಲಿ, ‘ಕಾಫಿ ಒಲೆ ಮೇಲಿದೆ, ಲೋಟ ಗೂಡಲ್ಲಿದೆ, ಬಂದು ಬಗ್ಗಿಸ್ಕೋ’ ಎಂದು ಫೋನ್ ಇಟ್ಟಳು. ಬಹಳ ಹೊತ್ತು ಅವನು ಇಳಿಯಲಿಲ್ಲ. ಕೊನೆಗೆ ಬಂದು ತಣ್ಣಗಾದ ಕಾಫಿಯನ್ನೇ ಬಗ್ಗಿಸಿಕೊಂಡು ಕುಡಿದು, ಲೋಟವನ್ನು ಜಗಲಿಯ ಮೇಲೆ ಬಿಟ್ಟು ಹೋದ. ಆ ಲೋಟ ಸಂಜೆಯವರೆಗೂ ಅಲ್ಲೇ ಇತ್ತು. ಮನೆಯಲ್ಲಿ ಅವರವರ ತಟ್ಟೆ ಲೋಟಗಳನ್ನು ಅವರವರೇ ತೊಳೆದಿಡುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಸಂಜೆ ಎಲ್ಲರಿಗೂ ಲೋಟ ಇಟ್ಟು ಕಾಫಿ ಬಗ್ಗಿಸುವಾಗ ಅವನ ಲೋಟ ಇರಲಿಲ್ಲ. ಎದ್ದು ಹೋಗಿ ತಾನೇ ಅದನ್ನು ತೊಳೆದು ತಂದ. ಯಾರೂ ಏನೂ ಹೇಳಲಿಲ್ಲ.

ತೋಟದಲ್ಲಿ ಅವನಿಗೆ ಸಿಕ್ಕಿದ ಮೊದಲ ಕೆಲಸ ಹಗ್ಗ ಹಿಡಿಯುವುದು. ಕೊಯ್ಲು ಮಾಡುವ ಕೊನೆಗೌಡ ಕಾಲಿಗೆ ಬಳೆಯಂಥ ತಳೆ ಹಾಕಿ ಮರವೇರಿ, ಮೇಲೆ ಮಣೆಯ ಮೇಲೆ ಕೂತು ಕೊನೆಯನ್ನು, ಅಂದರೆ ಅಡಿಕೆಯ ಗೊನೆಯನ್ನು, ಕಡಿದು ಹಗ್ಗದ ಗುಂಟ ಜಾರಿಬಿಡುತ್ತಾರೆ. ಒಂದು ಮರ ಮುಗಿದೊಡನೆ ಕೆಳಗಿಳಿಯದೆ, ಮೈಯನ್ನು ತೂಗಿ ಪಕ್ಕದ ಮರವನ್ನು ಹತ್ತಿರಕ್ಕೆ ಸೆಳೆದುಕೊಂಡು ಅದಕ್ಕೆ ದಾಟುತ್ತಾರೆ. ಕೆಳಗೆ ಹಗ್ಗ ಹಿಡಿದವನು ಮರ ಬದಲಾದಂತೆ ತಾನೂ ಜಾಗ ಬದಲಿಸುತ್ತ, ಹಗ್ಗವನ್ನು ಬಿಗಿಯಾಗಿ ಓರೆಯಲ್ಲಿ ಹಿಡಿದು, ಜಾರಿ ಬರುವ ಕೊನೆಯನ್ನು ನೆಲ ಮುಟ್ಟುವ ಮೊದಲೇ ಹಿಡಿಯಬೇಕು. ಹಗ್ಗ ಸಡಿಲವಾದರೆ ಹಲವು ಕಿಲೋ ತೂಗುವ ಕೊನೆ ನೆಲಕ್ಕೆ ಬಡಿದು ಕಾಯಿಗಳೆಲ್ಲ ಉದುರಿ ಬಸಿಗಾಲುವೆಗೆ ಉರುಳುತ್ತವೆ. ಅವನ್ನು ಒಂದೊಂದಾಗಿ ಹೆಕ್ಕುವಷ್ಟರಲ್ಲಿ ಮೇಲಿರುವವರು ಕಾಯುತ್ತ ಕೂರಬೇಕಾಗುತ್ತದೆ. ಐವತ್ತು ಅಡಿ ಎತ್ತರದಲ್ಲಿ, ಗಾಳಿಗೆ ಬಾಗುವ ಮರದಲ್ಲಿ, ಅಂಗೈ ಅಗಲದ ಮಣೆಯ ಮೇಲೆ ಕೂತವರನ್ನು ಸುಮ್ಮನೆ ಕಾಯಿಸುವುದೆಂದರೆ ಏನೆಂಬುದು ಕತ್ತೆತ್ತಿ ಒಮ್ಮೆ ನೋಡಿದವರಿಗೆ ತಿಳಿಯುತ್ತದೆ.

ನಮ್ಮ ತೋಟಕ್ಕೆ ಬರುವ ಕೊನೆಗೌಡರಿಗೆ ಅರವತ್ತು ದಾಟಿದೆ. ನನ್ನ ಅಪ್ಪನ ಕಾಲದಿಂದ ಅವರೇ ಕೊಯ್ಯುತ್ತಿದ್ದಾರೆ. ಮೊದಲ ದಿನ ಹುಡುಗ ಅವರನ್ನು ಏಕವಚನದಲ್ಲಿ, ‘ಏಯ್, ಬೇಗ ಬಿಡು’ ಎಂದು ಕೂಗಿದ. ನಾನು ಬಾಯಿ ತೆರೆಯುವ ಮೊದಲೇ ಮೇಲಿನಿಂದ, ‘ತಮ್ಮಾ, ಹಗ್ಗ ಬಿಗಿ ಮಾಡು, ಬಿಡ್ತೀನಿ’ ಎಂಬ ಶಾಂತ ಉತ್ತರ ಬಂತು. ಕೊನೆ ಬಿಡುವ ಮುನ್ನ ಪ್ರತಿ ಸಲವೂ ಅವರು ಹುಡುಗನನ್ನು ಎಚ್ಚರಿಸಿಯೇ ಬಿಡುತ್ತಿದ್ದರು. ಮಧ್ಯಾಹ್ನ ಇಳಿದು ಬಂದವರು ಮರದ ಬುಡದಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿಕೊಳ್ಳುವಾಗ ಅವರ ಪಾದದ ಒಳಬದಿಯನ್ನು ಹುಡುಗ ದಿಟ್ಟಿಸಿ ನೋಡುತ್ತಿದ್ದುದನ್ನು ನಾನು ಕಂಡೆ. ತಳೆ ಉಜ್ಜಿ ಉಜ್ಜಿ ಅಲ್ಲಿಯ ಚರ್ಮ ಮರದ ತೊಗಟೆಯಷ್ಟು ದಪ್ಪವಾಗಿದೆ. ‘ಬೀಳ್ತೀನಿ ಅಂತ ಹೆದರಿಕೆ ಆಗೋದಿಲ್ವಾ?’ ಎಂದು ಅವನು ಕೇಳಿದ. ‘ಆಗ್ತದೆ, ದಿನಾ ಆಗ್ತದೆ’ ಎಂದರು. ಅವರೊಡನೆ ಮರ ಹತ್ತುತ್ತಿದ್ದವರಲ್ಲಿ ಬಿದ್ದು ಸೊಂಟ ಮುರಿದುಕೊಂಡವರ ಸಂಗತಿಯನ್ನೂ ಹೇಳಿದರು. ಮಲೆನಾಡಿನಲ್ಲಿ ಪ್ರತಿ ಕೊಯ್ಲಿನ ಕಾಲದಲ್ಲಿಯೂ ಇಂಥ ಸುದ್ದಿ ಒಂದಲ್ಲ ಒಂದು ಊರಿನಿಂದ ಬಂದೇ ಬರುತ್ತದೆ. ನೆಲದ ಮೇಲೆ ನಿಂತೇ ಕೊಯ್ಯಬಹುದಾದ ಕಾರ್ಬನ್ ಫೈಬರ್ ದೋಟಿ ಈಚೆಗೆ ಅನೇಕರ ತೋಟಕ್ಕೆ ಬಂದಿರುವುದಕ್ಕೆ ಮರ ಹತ್ತುವವರು ಕಡಿಮೆಯಾದದ್ದರ ಜೊತೆಗೆ ಈ ಭಯವೂ ಕಾರಣ. ಆ ದಿನದ ನಂತರ ಕೊನೆಗೌಡರ ನೀರಿನ ಚೊಂಬನ್ನು ತುಂಬಿಡುವುದು ಹುಡುಗನ ಕೆಲಸವಾಯಿತು. ಅದನ್ನು ಯಾರೂ ಅವನಿಗೆ ವಹಿಸಿರಲಿಲ್ಲ. ಮಾತೂ ಬಹುವಚನಕ್ಕೆ ಬಂತು.

ಆದರೆ ಅವನಲ್ಲಿ ನಿಜವಾದ ಬದಲಾವಣೆ ಆದದ್ದು ತೋಟದಲ್ಲಲ್ಲ, ಅಡಿಕೆ ಸುಲಿಯುವ ಅಂಗಳದಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕೆಂಪಡಿಕೆ ಮಾಡುವವರು ಕಾಯಿ ಹಣ್ಣಾಗಲು ಬಿಡುವುದಿಲ್ಲ. ಬಲಿತ ಹಸಿರು ಕಾಯಿಯನ್ನು ಕೊಯ್ದು, ತಡಮಾಡದೆ ಸುಲಿದು, ಬೇಯಿಸಿ ಒಣಗಿಸಬೇಕು. ಕೊಯ್ದದ್ದು ಅಂಗಳದಲ್ಲಿ ರಾಶಿ ಬಿದ್ದು ಬಿಸಿಯಾದರೆ ಬಣ್ಣ ಕೆಡುತ್ತದೆ. ಆದ್ದರಿಂದ ಕೊಯ್ಲಿನ ದಿನಗಳಲ್ಲಿ ಸುಲಿತ ಸಂಜೆ ಆರಂಭವಾದರೆ ರಾತ್ರಿ ಬಹಳ ಹೊತ್ತಿನವರೆಗೂ ನಡೆಯುತ್ತದೆ. ಸುಲಿಯುವ ಯಂತ್ರಗಳು ಬಂದು ವರ್ಷಗಳಾದರೂ ನಮ್ಮ ಮನೆಯಲ್ಲಿ ಹೆಚ್ಚಿನ ಸುಲಿತ ಇಂದಿಗೂ ಕೈಯಲ್ಲೇ. ಸುತ್ತಲಿನ ಹೆಂಗಸರು ತಮ್ಮ ಮನೆಯ ಕೆಲಸ ಮುಗಿಸಿ ಬಂದು, ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಕೂತು, ಕಾಯಿಯನ್ನು ಅಲುಗಿಗೆ ಒತ್ತಿ ಸಿಪ್ಪೆ ಬಿಡಿಸಿ, ಒಳಗಿನ ಹಸಿ ಅಡಿಕೆಯನ್ನು ಗಾಯವಾಗದಂತೆ ಬುಟ್ಟಿಗೆ ಹಾಕುತ್ತಾರೆ. ನೋಡುವವರಿಗೆ ಬೆರಳುಗಳ ಚಲನೆಯೇ ತಿಳಿಯದಷ್ಟು ವೇಗ ಅವರದು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಹಂಡೆಗೆ ಸುರಿಯುತ್ತೇವೆ. ಎಷ್ಟು ಡಬ್ಬ ಸುಲಿದರೋ ಅಷ್ಟಕ್ಕೆ ಕೂಲಿ. ಸಂತೆಯ ಹಿಂದಿನ ಸಂಜೆ ವಾರದ ಲೆಕ್ಕ ತೀರಿಸುವುದು ವಾಡಿಕೆ.

ಆ ಲೆಕ್ಕದ ಪುಸ್ತಕವನ್ನು ನಾನು ಹುಡುಗನ ಕೈಗೆ ಕೊಟ್ಟೆ. ಸುಲಿಯಲು ಅವನಿಗೆ ಬರುತ್ತಿರಲಿಲ್ಲ, ಕಲಿಯಲು ಹೋಗಿ ಬೆರಳು ಕೊಯ್ದುಕೊಂಡಿದ್ದ; ಕೂಡಿಸಿ ಕಳೆಯುವುದಾದರೂ ಅವನಿಗೆ ಬರುತ್ತದೆ ಎಂಬುದು ನನ್ನ ಎಣಿಕೆ. ಒಬ್ಬೊಬ್ಬರ ಹೆಸರಿನ ಕೆಳಗೆ, ಡಬ್ಬ ಅಳೆದ ಕೂಡಲೇ ಒಂದೊಂದು ಗೀಟು ಹಾಕಬೇಕು, ಅಷ್ಟೆ. ಅವನಿಗೆ ಅದು ತೀರ ಹಗುರವಾದ ಕೆಲಸವಾಗಿ ಕಂಡಿತು. ಡಬ್ಬ ಅಳೆಯುವಾಗ ಫೋನ್ ನೋಡುತ್ತ ಕೂತು, ಎಲ್ಲರೂ ಹೋದ ಮೇಲೆ ನೆನಪಿನಿಂದ ಗೀಟು ಹಾಕುತ್ತಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು.

ವಾರದ ಲೆಕ್ಕದ ಸಂಜೆ, ಕೂಲಿ ಪಡೆದು ಎಲ್ಲರೂ ಏಳುತ್ತಿದ್ದಾಗ ಅವರಲ್ಲಿ ಹಿರಿಯರಾದ ಒಬ್ಬ ಹೆಂಗಸು ಮೆಲ್ಲನೆ, ‘ತಮ್ಮಾ, ನಂದು ಎರಡು ಡಬ್ಬ ಬಿಟ್ಟುಹೋದ ಹಾಗಿದೆ, ಇನ್ನೊಂದು ಸಲ ನೋಡ್ತೀಯಾ?’ ಎಂದರು. ಅವನು ಪುಸ್ತಕವನ್ನು ಅವರ ಕಡೆ ತಿರುಗಿಸಿ, ‘ಬರೆದಿರೋದು ಇಷ್ಟೇ, ನಿಮಗೆ ನೆನಪಿಲ್ಲ’ ಎಂದುಬಿಟ್ಟ. ಅವರು ವಾದ ಮಾಡಲಿಲ್ಲ. ತಾವು ಕೂರುವ ಜಾಗದ ಗೋಡೆಯ ಬದಿಯಿಂದ ತೆಂಗಿನ ಗರಟೆಯೊಂದನ್ನು ತೆಗೆದು ಅವನ ಮುಂದೆ ಇಟ್ಟರು. ಅದರ ತುಂಬ ಅಡಿಕೆ ಕಾಯಿಗಳಿದ್ದವು. ಡಬ್ಬ ಅಳೆದಾಗಲೆಲ್ಲ ಒಂದು ಕಾಯಿಯನ್ನು ಅದಕ್ಕೆ ಹಾಕಿಡುವುದು ಅವರ ಲೆಕ್ಕ. ಓದು ಬರಹ ಬಾರದ ಅವರ ತಾಯಿಯಿಂದ ಬಂದ ರೂಢಿ. ಹುಡುಗ ಗರಟೆಯನ್ನು ನೋಡಿದ, ಎಣಿಸಲಿಲ್ಲ.

ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ನಮ್ಮ ಹಂಡೆಗೆ ಎಷ್ಟು ಡಬ್ಬ ಹಿಡಿಯುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು; ವಾರದಲ್ಲಿ ಎಷ್ಟು ಹಂಡೆ ಬೇಯಿತು ಎಂಬುದನ್ನು ಅಮ್ಮ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಲ್ಲಿ ಗುರುತು ಮಾಡಿರುತ್ತಾಳೆ. ‘ಹಂಡೆಗೆ ಬಿದ್ದ ಡಬ್ಬ ಒಂದು ಕಡೆ ಕೂಡಿಸು, ಪುಸ್ತಕದಲ್ಲಿ ಇರೋದನ್ನೆಲ್ಲ ಇನ್ನೊಂದು ಕಡೆ ಕೂಡಿಸು, ಎರಡೂ ತಾಳೆ ಆಗ್ತದಾ ನೋಡು’ ಎಂದಷ್ಟೇ ಹೇಳಿದೆ. ಅವನು ಕೂತು ಕೂಡಿಸಿದ. ಪುಸ್ತಕದ ಮೊತ್ತ ಹಂಡೆಗೆ ಬಿದ್ದದ್ದಕ್ಕಿಂತ ಸರಿಯಾಗಿ ಎರಡು ಡಬ್ಬ ಕಡಿಮೆ ಇತ್ತು. ಮತ್ತೊಮ್ಮೆ ಕೂಡಿಸಿದ. ಅಷ್ಟರಲ್ಲಿ ಆ ಹೆಂಗಸು ಗರಟೆಯನ್ನು ಖಾಲಿ ಮಾಡಿ, ಬ್ಯಾಟರಿ ಹಿಡಿದುಕೊಂಡು ಮನೆಗೆ ಹೋಗಿಯಾಗಿತ್ತು. ‘ನಾಳೆ ಬಂದಾಗ ಕೊಟ್ಟರಾಯ್ತು ಅಲ್ವಾ ಮಾವ?’ ಎಂದ. ನಾಳೆ ಬೆಳಗ್ಗೆ ಅವರು ಸಂತೆಗೆ ಹೋಗುವವರು, ಹಣ ಬೇಕಾಗಿರುವುದು ಅದಕ್ಕೇ ಎಂದು ನನ್ನ ಹೆಂಡತಿ ಹೇಳಿದಳು. ಅವನು ಚಪ್ಪಲಿ ಮೆಟ್ಟಿ ಹೊರಟ. ಜೊತೆಗೆ ಬರಲೇ ಎಂದೆ, ಬೇಡವೆಂದ.

ಅಲ್ಲಿ ಏನಾಯಿತೆಂದು ಅವನು ನಮಗೆ ಹೇಳಲಿಲ್ಲ. ಆ ಹೆಂಗಸೇ ಮುಂದೆ ನನ್ನ ಹೆಂಡತಿಗೆ ಹೇಳಿದರು. ಅವನನ್ನು ಕೂರಿಸಿ ಹಾಲಿಲ್ಲದ ಚಹಾ ಮಾಡಿ ಕೊಟ್ಟಿದ್ದಾರೆ. ಮನೆಯಲ್ಲಿ ಅವರ ಮೊಮ್ಮಗಳು ಪಿಯುಸಿಯ ಪುಸ್ತಕ ಹರಡಿಕೊಂಡು ಕೂತಿದ್ದಳಂತೆ. ಇವನಿಗಿಂತ ಒಂದು ವರ್ಷ ಚಿಕ್ಕವಳು. ಬಸ್ಸಿನಲ್ಲಿ ಸಾಗರಕ್ಕೆ ಹೋಗಿ ಬಂದು ಸಂಜೆ ಅಜ್ಜಿಯ ಜೊತೆ ಅಡಿಕೆ ಸುಲಿಯಲೂ ಬರುವವಳು. ಇವನು ಪುಸ್ತಕದಲ್ಲಿ ಬಿಟ್ಟ ಆ ಎರಡು ಡಬ್ಬಗಳಲ್ಲಿ ಒಂದು ಅವಳು ಸುಲಿದದ್ದು. ಹುಡುಗ ಎದ್ದು ನಿಂತು, ‘ತಪ್ಪಾಯ್ತು, ಇನ್ನು ಮುಂದೆ ಆಗೋದಿಲ್ಲ’ ಎಂದು ಹೇಳಿ ಹಣ ಕೊಟ್ಟನಂತೆ. ತಂಗಿಗೆ ಇದನ್ನು ತಿಳಿಸಿದಾಗ ಅವಳು ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಅಂಥ ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಮರುದಿನದಿಂದ ಪುಸ್ತಕದ ರೂಪವೇ ಬದಲಾಯಿತು. ಅಳೆಯುವಾಗ ಅವನು ಎದ್ದು ನಿಲ್ಲುತ್ತಿದ್ದ, ಹೆಸರನ್ನೂ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಿ ಗೀಟು ಹಾಕುತ್ತಿದ್ದ, ರಾತ್ರಿ ಮಲಗುವ ಮೊದಲು ಹಂಡೆಯ ಲೆಕ್ಕದೊಂದಿಗೆ ತಾಳೆ ನೋಡುತ್ತಿದ್ದ. ಮನೆಯ ಸದಸ್ಯರು ಸುಲಿದದ್ದಕ್ಕೂ ಬೇರೆ ಪುಟ ಮಾಡಿದ. ಅಲ್ಲಿಯ ತನಕ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಮ್ಮ ಮತ್ತು ನನ್ನ ಹೆಂಡತಿ ಮನೆಗೆಲಸದ ನಡುವೆ ಸುಲಿಯುವ ಅಡಿಕೆ ಎಷ್ಟೆಂದು ನನಗೆ ಗೊತ್ತಾದದ್ದು ಆ ಪುಟದಿಂದ. ಇನ್ನೊಬ್ಬರ ದುಡಿಮೆ ತನ್ನ ಪೆನ್ಸಿಲಿನ ತುದಿಯಲ್ಲಿದೆ ಎಂಬುದು ತಿಳಿದ ಮೇಲೆ ಅವನಿಗೆ ಎಚ್ಚರಿಕೆಯನ್ನು ಬೇರೆ ಕಲಿಸಬೇಕಾಗಲಿಲ್ಲ. ಇಂಥದೊಂದು ಹೊಣೆ ಬೆಂಗಳೂರಿನ ಮನೆಯಲ್ಲಿ ಅವನಿಗೆ ಎಂದೂ ದೊರೆತಿರಲಿಲ್ಲ ಎಂಬುದೇ ನನ್ನ ಮುಖ್ಯ ಮಾತು.

ಅಡಿಕೆ ಬೇಯಿಸುವ ಒಲೆಯ ಬಳಿ ಅವನು ಸೇರಿದ್ದು ಅಮ್ಮನ ಒತ್ತಾಯದಿಂದ. ಬೆಳಗಿನ ಜಾವದಲ್ಲೇ ಒಲೆ ಹೊತ್ತಿಸಬೇಕು, ಬಿಸಿಲೇರುವ ಹೊತ್ತಿಗೆ ಬೆಂದ ಅಡಿಕೆ ಚಪ್ಪರದ ಮೇಲಿರಬೇಕು. ತಾಮ್ರದ ಹಂಡೆಗೆ ನೀರು ಹಾಕಿ, ಹಿಂದಿನ ಸಲದ ಚೊಗರು ಬೆರೆಸಿ, ಸುಲಿದ ಅಡಿಕೆಯನ್ನು ಸುರಿದು, ಅಡಿಕೆ ಸಿಪ್ಪೆ, ಒಣ ಸೋಗೆ, ಮರದ ಕುಂಟೆಗಳಿಂದ ಹದವಾಗಿ ಉರಿ ಕೊಡಬೇಕು. ಚೊಗರೆಂದರೆ ಅಡಿಕೆ ಬೆಂದಾಗ ಬಿಡುವ ಕೆಂಪು ರಸ. ಬ್ಯಾಚು ಬ್ಯಾಚಿಗೂ ಅದು ಗಟ್ಟಿಯಾಗುತ್ತ ಹೋಗಿ, ಅಡಿಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುವುದು ಅದೇ. ಮುಂದಿನ ವರ್ಷಕ್ಕೆಂದು ಅದನ್ನು ಕುದಿಸಿ ಕಾಪಿಡುವ ಮನೆಗಳೂ ಇವೆ. ಬೆಂದದ್ದು ಹೆಚ್ಚಾದರೂ ಕಡಿಮೆಯಾದರೂ ಮಂಡಿಯಲ್ಲಿ ದರ ಇಳಿಯುತ್ತದೆ. ಅಮ್ಮ ಸೌಟಿನಿಂದ ಒಂದು ಅಡಿಕೆ ತೆಗೆದು, ಕತ್ತರಿಸಿ, ಉಗುರಿನಿಂದ ಒತ್ತಿ ನೋಡಿ ‘ಆತು’ ಎಂದರೆ ಆಯಿತು. ಬೇಗ ಮುಗಿಸುವ ಆಸೆಯಿಂದ ಹುಡುಗ ಒಲೆಗೆ ಸೌದೆ ತುರುಕುತ್ತಿದ್ದಾಗ ಆಕೆ, ‘ಮಾಣಿ, ಗಡಿಬಿಡಿ ಮಾಡಡ, ಅದು ಅದರ ಪಾಡಿಗೆ ಬೇಯ್ಲಿ’ ಎನ್ನುತ್ತಿದ್ದಳು. ಆ ಒಲೆಯ ಮುಂದೆ ಅಜ್ಜಿ ಮೊಮ್ಮಗ ಕೂತು ಮಾತಾಡಿದ್ದು ಎಷ್ಟೋ. ಅವನ ತಾಯಿ ಚಿಕ್ಕವಳಿದ್ದಾಗ ಅದೇ ಒಲೆಗೆ ಸಿಪ್ಪೆ ಹಾಕುತ್ತಿದ್ದ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ತನ್ನ ಅಮ್ಮನೂ ಒಂದು ಕಾಲಕ್ಕೆ ಕೆಲಸ ಮಾಡುತ್ತ ಬೆಳೆದವಳು ಎಂಬುದನ್ನು ತಿಳಿದದ್ದು ಅವನ ಮೇಲೆ ನಮ್ಮೆಲ್ಲರ ಮಾತಿಗಿಂತ ಹೆಚ್ಚು ಕೆಲಸ ಮಾಡಿತೆಂದು ನನಗೆ ತೋರುತ್ತದೆ.

ಬೆಂದ ಅಡಿಕೆ ಬಿಸಿಲು ಚೆನ್ನಾಗಿದ್ದರೆ ಒಂದು ವಾರದಲ್ಲಿ ಒಣಗುತ್ತದೆ. ಹಣ್ಣಡಿಕೆಯನ್ನು ಸಿಪ್ಪೆ ಸಹಿತ ಒಣಗಿಸಿ ಚಾಲಿ ಮಾಡಲು ತಿಂಗಳು ದಾಟಿ ಸುಮಾರು 45 ದಿನ ಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಡಿಸೆಂಬರಿನಲ್ಲೂ ನಮ್ಮಲ್ಲಿ ಮೋಡ ಕವಿಯುತ್ತದೆ. ಒಮ್ಮೆ ಮಧ್ಯರಾತ್ರಿ ಹನಿ ಬಿದ್ದಾಗ ಮೊದಲು ಎದ್ದು ಕೂಗಿದವನು ಅವನೇ, ಫೋನ್ ನೋಡುತ್ತ ಇನ್ನೂ ಎಚ್ಚರವಾಗಿದ್ದ. ಎಲ್ಲರೂ ಓಡಿ ತಾಡಪಾಲು ಎಳೆದೆವು, ಅಡಿಕೆ ಉಳಿಯಿತು.

ಕೊಟ್ಟಿಗೆಗೆ ದರಗು, ಅಂದರೆ ಒಣ ಎಲೆ, ತರಲು ಸೊಪ್ಪಿನ ಬೆಟ್ಟದ ಕಾಡಿಗೆ ಹೋಗುವುದೂ ಅದೇ ಕಾಲದ ಕೆಲಸ. ಇಲ್ಲಿ ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟಾಗಿದ್ದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018-19ರ ಬೇಸಿಗೆಯ ಹೊತ್ತಿಗೆ ಅದು ಜೀವಗಳನ್ನೇ ತೆಗೆದುಕೊಂಡಿತು. ಡಿಸೆಂಬರಿನಿಂದ ಮಳೆ ಬೀಳುವವರೆಗೂ ಅದನ್ನು ಹರಡುವ ಉಣುಗುಗಳ ಕಾಟ ಹೆಚ್ಚು. ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೆಜ್ಜೆ ಇಡುವಂತಿಲ್ಲ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಲೇಬೇಕು. ವಾಸನೆಯೆಂದು ಮೂಗು ಮುಚ್ಚಿಕೊಂಡವನು ಅರಳಗೋಡಿನ ವಿಷಯ ಕೇಳಿದ ಮೇಲೆ ಸುಮ್ಮನೆ ಹಚ್ಚಿಕೊಂಡ.

ಎಲ್ಲವೂ ಏರುಮುಖವಾಗಿಯೇ ಸಾಗಿತೆಂದು ಬರೆದರೆ ಸತ್ಯಕ್ಕೆ ದೂರವಾಗುತ್ತದೆ. ವರ್ಷದ ಕೊನೆಯಲ್ಲಿ ಅವನ ಗೆಳೆಯರು ಜೋಗ ನೋಡಲು ಕಾರಿನಲ್ಲಿ ಹೊರಟವರು ನಮ್ಮಲ್ಲಿಗೂ ಬಂದರು. ಅವರಿದ್ದಷ್ಟು ಹೊತ್ತು ಅವನು ಹಳೆಯ ಹುಡುಗನೇ ಆಗಿದ್ದ. ಅತ್ತೆಗೆ ಜಗಲಿಯಿಂದಲೇ ನೀರು ತರಲು ಹೇಳಿದ, ತೋಟದಿಂದ ಬರುತ್ತಿದ್ದ ಕೊನೆಗೌಡರನ್ನು ಗೆಳೆಯರ ಮುಂದೆ ಮತ್ತೆ ಏಕವಚನದಲ್ಲಿ ಕರೆದ, ಹೊರಡುವಾಗ ತಾನೂ ಬೆಂಗಳೂರಿಗೆ ಬರುತ್ತೇನೆಂದು ಹಟ ಹಿಡಿದ. ಕೊಯ್ಲು ಇನ್ನೂ ಒಂದು ಸುತ್ತು ಬಾಕಿ ಇತ್ತು. ಹೋಗಬೇಕಾದರೆ ಹೋಗು, ಪುಸ್ತಕವನ್ನು ಯಾರಿಗಾದರೂ ತಿಳಿಸಿಕೊಟ್ಟು ಹೋಗು ಎಂದೆ. ಗೆಳೆಯರು ಹೊರಟರು, ಅವನು ಉಳಿದ. ಆ ರಾತ್ರಿ ನನ್ನ ಹೆಂಡತಿ ಮೊದಲ ಬಾರಿಗೆ ಅವನಿಗೆ ನೇರವಾಗಿ ಹೇಳಿದಳು: ‘ನಾವು ಯಾರೂ ಇಲ್ಲದಾಗ ನೀನು ಅವರಿಗೆ ಮರ್ಯಾದೆ ಕೊಡ್ತೀಯ. ನಿನ್ನವರು ಇದ್ದಾಗಲೂ ಕೊಡು.’ ಅವನು ಉತ್ತರಿಸಲಿಲ್ಲ. ಬೆಳಗ್ಗೆ ಎಂದಿಗಿಂತ ಮೊದಲೇ ತೋಟಕ್ಕೆ ಹೋಗಿದ್ದ. ಕೊನೆಗೌಡರಲ್ಲಿ ಏನು ಹೇಳಿದನೋ ನನಗೆ ತಿಳಿಯದು, ನಾನು ಕೇಳಲೂ ಇಲ್ಲ.

ಜನವರಿ ಮುಗಿಯುವ ಹೊತ್ತಿಗೆ ಅಡಿಕೆಯನ್ನು ಆರಿಸಿ, ಚೀಲ ತುಂಬಿ ಸಾಗರಕ್ಕೆ ಒಯ್ದೆವು. ಮಾರುಕಟ್ಟೆಯಲ್ಲಿ ರಾಶಿ (ಬೇಯಿಸಿದ ಕೆಂಪಡಿಕೆ), ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕ, ಸಿಪ್ಪೆಗೋಟು ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ದರ. ಒಂದೇ ತೋಟದ ಅಡಿಕೆ, ಕೊಯ್ದ ಹೊತ್ತು, ಬೇಯಿಸಿದ ಹದ, ಒಣಗಿಸಿದ ರೀತಿಗೆ ತಕ್ಕಂತೆ ಮೇಲಿನ ದರ್ಜೆಗೋ ಕೆಳಗಿನದಕ್ಕೋ ಸೇರುತ್ತದೆ. ಖರೀದಿದಾರರು ಚೀಲದಿಂದ ಹಿಡಿ ಅಡಿಕೆ ತೆಗೆದು, ಒಡೆದು, ಒಳಗಿನ ಬಣ್ಣ ನೋಡಿ ಟೆಂಡರ್ ಬರೆಯುವುದನ್ನು ಹುಡುಗ ಹತ್ತಿರ ನಿಂತು ನೋಡಿದ. ಆಗ ರಾಶಿಯ ದರ ಕ್ವಿಂಟಲ್‌ಗೆ 50,000 ರೂಪಾಯಿಯ ಆಸುಪಾಸಿನಲ್ಲಿ ಆಡುತ್ತಿತ್ತು. ಮೊತ್ತವನ್ನು ಕೇಳಿ ಮೊದಲು ಅವನು ಬೆರಗಾದ. ಮನೆಗೆ ಬಂದ ಮೇಲೆ ತಾನೇ ಲೆಕ್ಕ ಹಾಕಲು ಕೂತ. ಒಂದು ಕ್ವಿಂಟಲ್ ಹಸಿ ಕಾಯಿಯಿಂದ ಸಿಗುವ ಒಣ ಕೆಂಪಡಿಕೆ 12-13 ಕಿಲೋ ಮಾತ್ರ. ಅದರಲ್ಲಿ ಕೊಯ್ಲಿನ ಕೂಲಿ, ಸುಲಿತ, ಗೊಬ್ಬರ, ಮಳೆಗಾಲದಲ್ಲಿ ಕೊಳೆರೋಗ ತಡೆಯಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದಂತೆ ಬೆರೆಸಿ ಎರಡು ಮೂರು ಸಲ ಹೊಡೆಯುವ ಬೋರ್ಡೋ ದ್ರಾವಣ, ಅದನ್ನು ಮರವೇರಿ ಹೊಡೆಯುವವರ ಕೂಲಿ, ಎಲೆಚುಕ್ಕಿ ರೋಗದಿಂದ ಆದ ನಷ್ಟ, ಎಲ್ಲವನ್ನೂ ನನ್ನಿಂದ ಕೇಳಿ ಕೇಳಿ ಬರೆದುಕೊಂಡ. ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಭಾಗಿಸಿ ನನ್ನ ಮುಖ ನೋಡಿದ. ‘ಮಾವ, ನನ್ನ ಫೋನಿನ ಬೆಲೆ...’ ಎಂದವನು ಮಾತು ನಿಲ್ಲಿಸಿ ಪುಸ್ತಕ ಮುಚ್ಚಿದ.

ಅವನಿಗೂ ದಿನದ ಕೂಲಿ ಕೊಡಬೇಕೆಂದು ನನ್ನ ಹೆಂಡತಿ ಮೊದಲಿನಿಂದಲೂ ಹೇಳುತ್ತಿದ್ದಳು, ಹಾಗೆಯೇ ಕೊಟ್ಟೆವು. ಅದರಲ್ಲಿ ಅವನು ತನಗೊಂದು ಹೆಡ್‌ಫೋನ್ ಕೊಂಡ. ಅದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಸಾಗರದ ಅಂಗಡಿಯಲ್ಲಿ ಮೊದಲು ಕೇಳಿದ್ದನ್ನು ಬಿಟ್ಟು, ಬೆಲೆ ವಿಚಾರಿಸಿ, ಅದಕ್ಕಿಂತ ಅಗ್ಗದ್ದನ್ನು ತೆಗೆದುಕೊಂಡ.

ಹಳ್ಳಿಯ ಗಾಳಿ ನೀರಿನಲ್ಲೇ ಒಳ್ಳೆಯತನವಿದೆ ಎಂದು ಹೇಳುವವರಿಗೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಊರಲ್ಲೂ ಫೋನಿನಲ್ಲಿ ಮುಳುಗಿದ, ಅಪ್ಪ ಅಮ್ಮನ ಮೇಲೆ ಕೂಗಾಡುವ ಹುಡುಗರಿದ್ದಾರೆ. ಅನೇಕ ಮನೆಗಳಲ್ಲಿ ಮಕ್ಕಳೆಲ್ಲ ಪೇಟೆ ಸೇರಿ ವಯಸ್ಸಾದ ಇಬ್ಬರೇ ಉಳಿದಿದ್ದಾರೆ. ಏಪ್ರಿಲ್ ಮೇ ತಿಂಗಳಲ್ಲಿ ನೆಂಟನಾಗಿ ಬಂದಿದ್ದರೆ ಇದೇ ಹುಡುಗ ಹಲಸು ಮಾವು ತಿಂದು, ಹೊಳೆಯಲ್ಲಿ ಈಜಾಡಿ, ಬಂದಂತೆಯೇ ಹಿಂತಿರುಗುತ್ತಿದ್ದ. ಮಕ್ಕಳನ್ನು ಊರಿಗೆ ಕಳುಹಿಸುವ ಯೋಚನೆ ಇರುವ ತಂದೆ ತಾಯಿಯರಿಗೆ ನಾನು ಹೇಳುವುದಿಷ್ಟು: ಮನೆಯವರಿಗೆ ನಿಜವಾಗಿಯೂ ಕೈ ಸಾಲದ ಕಾಲಕ್ಕೆ ಕಳುಹಿಸಿ. ಮಗುವಿಗಾಗಿ ಹುಟ್ಟಿಸಿದ ಕೆಲಸವನ್ನು ಮಗು ಕೂಡಲೇ ಗುರುತಿಸುತ್ತದೆ, ಆದ್ದರಿಂದ ಕೆಟ್ಟರೆ ನಿಜವಾಗಿ ಕೆಡುವಂಥ ಕೆಲಸವನ್ನೇ ಕೊಡಲು ಹೇಳಿ. ದಿನವೂ ಫೋನ್ ಮಾಡಿ ಊಟವಾಯಿತೇ ಎಂದು ವಿಚಾರಿಸಬೇಡಿ. ನನ್ನ ತಂಗಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಈ ಕೊನೆಯದೇ.

ಅವನು ಈಗ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದಾನೆ. ತಾಯಿ ಹೇಳುವ ಪ್ರಕಾರ ಊರಿಂದ ಹೋದ ಹೊಸದರಲ್ಲಿ ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಿದ್ದ, ಆಮೇಲೆ ಕೆಲವು ವಾರ ಬಿಟ್ಟ, ತಂಗಿ ಮನೆಗೆಲಸದವರ ದಿನಗಳನ್ನು ಕಡಿಮೆ ಮಾಡಿ ಅವನಿಗೂ ಅವನ ತಂದೆಗೂ ಕೆಲಸ ಹಂಚಿದ ಮೇಲೆ ಮತ್ತೆ ಹಿಡಿದ. ಮನೆಯ ತಿಂಗಳ ಖರ್ಚಿನ ಲೆಕ್ಕ ಅವನ ಕೈಯಲ್ಲಿದೆ. ಬರುವ ಕೊಯ್ಲಿಗೆ ಅವನ ತಂಗಿಯನ್ನೂ ಕಳುಹಿಸುವ ಮಾತು ನಡೆದಿದೆ. ‘ಅವಳಿಗೆ ಅತ್ತೆ ಸ್ವಲ್ಪ ಅಡುಗೆ ಕಲಿಸಿಕೊಡಲಿ’ ಎಂದು ಭಾವ ಫೋನಿನಲ್ಲಿ ಹೇಳಿದಾಗ ನನ್ನ ಹೆಂಡತಿ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡು, ಹುಡುಗನಿಗೆ ಕೊಟ್ಟ ಹಗ್ಗವನ್ನೂ ಪುಸ್ತಕವನ್ನೂ ಒಲೆಯನ್ನೂ ಹುಡುಗಿಗೂ ಕೊಡುತ್ತೇವೆ, ಅಡುಗೆಯನ್ನು ಬೇಕಾದರೆ ಇಬ್ಬರೂ ಒಟ್ಟಿಗೆ ಬಂದು ಕಲಿಯಲಿ ಎಂದು ತಿಳಿಸಿದಳು. ಭಾವ ಒಪ್ಪಿದ್ದಾರೆ. ದೀಪಾವಳಿಯ ರಜೆ ಎಂದಿನಿಂದ ಎಂದು ಕಾಲೇಜಿನಲ್ಲಿ ವಿಚಾರಿಸಿ ತಿಳಿಸುವುದಾಗಿ ಹೇಳಿದ್ದಾರೆ.